ಪಿನ್ನು ಮುರಿಯಬೇಡಿ

ಮನೆಯಲ್ಲೇ ಸ್ಟ್ರೀಮರ್ ಕಟ್ಟಿಕೊಂಡು ಹಾಡು ಕೇಳುವ ಗೆಳೆಯ ಗೆಳತಿಯರಿಗೆ,



ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಬೋರ್ಡು, ಅದರ ನೆತ್ತಿಯ ಮೇಲೊಂದು ಡ್ಯಾಕ್ ಕಾರ್ಡು, ಒಳಗೆ ವಾಲ್ಯೂಮಿಯೋ ಇಲ್ಲವೇ ಮೂಡ್ ಆಡಿಯೋ ತಂತ್ರಾಂಶ, ಅಪ್ಪನ ಕಾಲದ ಆಂಪ್ಲಿಫೈಯರಿಗೆ ಎರಡು ಆರ್‌ಸಿಎ ವೈರು. ಇಷ್ಟಾದರೆ ಮಲ್ಲಿಕಾರ್ಜುನ ಮನ್ಸೂರರೂ ದೊರೆಸ್ವಾಮಿ ಅಯ್ಯಂಗಾರರೂ ನಡುಮನೆಗೆ ಬಂದು ಕೂರುತ್ತಾರೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನನಗೆ, ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದ ಎಳೆಯರನ್ನು ಕಂಡರೆ ಈಗಲೂ ಖುಷಿ. ಆದರೆ ನಿಮ್ಮಲ್ಲಿ ಅನೇಕರು ಫೋನ್ ಮಾಡಿ ಕೇಳುವ ಪ್ರಶ್ನೆ ಮಾತ್ರ ಒಂದೇ. “ಸರ, ಸ್ಪೀಕರದಾಗ ಗುಂಯ್ ಅಂತ ಸಪ್ಪಳ ಬರಾಕತ್ತೈತ್ರಿ. ಯಾವ ಪವರ್ ಸಪ್ಲೈ ತಗೊಳ್ಳಿರಿ?”

ನನ್ನ ಉತ್ತರವೂ ಒಂದೇ: ಇನ್ನೂ ಏನೂ ತಗೊಳ್ಳಬೇಡಿ. ಆ ಸಪ್ಪಳಕ್ಕೂ ನಿಮ್ಮ ಸಪ್ಲೈಗೂ ಬಹುತೇಕ ಸಂಬಂಧವೇ ಇರುವುದಿಲ್ಲ. ಮೊದಲು ಮನೆಯ ಅರ್ಥಿಂಗ್ ನೋಡಿಸಿ, ಆಮೇಲೆ ವೈರುಗಳನ್ನು ನೋಡಿ. ಸಪ್ಲೈ ವಿಚಾರ ಕೊನೆಗೆ. ಪೇಟೆ ನಿಮಗೆ ಹೇಳಿಕೊಡುತ್ತಿರುವ ಕ್ರಮ ಇದಕ್ಕೆ ಸರಿಯಾಗಿ ಉಲ್ಟಾ. ಅದಕ್ಕೇ ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನು ಬಿಟ್ಟು ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಸಪ್ಪಳ ಸಣ್ಣದು, ಹೊಂದಿಕೊಂಡರಾಯಿತು ಎಂದು ನಾನು ಹೇಳುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಡಯೋಡ್ ಬ್ರಿಜ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯಲ್ಲಿ ಷಡ್ಜ ಇಟ್ಟುಕೊಂಡು ಹಾಡುವ ಗಂಡುದನಿಗೆ ತಂಬೂರಿಯ ಮಂದ್ರ ಪಂಚಮ ಸುಮಾರು 104 ಹರ್ಟ್ಸ್. ಅದರ ಪಕ್ಕದಲ್ಲೇ ಈ 100 ಹರ್ಟ್ಸ್ ಎಂದರೆ ಶ್ರುತಿ ಇಳಿದ ಇನ್ನೊಂದು ಪಂಚಮ. ಎರಡೂ ಒಂದಕ್ಕೊಂದು ತಿಕ್ಕಾಡಿ ಸೆಕೆಂಡಿಗೆ ನಾಲ್ಕು ಸಲ ಅಲೆಯುತ್ತವೆ. ತಬಲಾ ಶುರುವಾದ ಮೇಲೆ ಅದು ಮುಚ್ಚಿಹೋಗುತ್ತದೆ, ನಿಜ. ಆದರೆ ಆಲಾಪದ ಮೊದಲ ನಿಮಿಷಗಳು ಕೆಟ್ಟವೆಂದರೆ ಉಳಿದದ್ದಕ್ಕೆ ಮನಸ್ಸು ಕೂರುವುದು ಕಷ್ಟ.

ಹುಬ್ಬಳ್ಳಿಯ ಒಂದು ಮನೆಯ ವಿಷಯ ಹೇಳುತ್ತೇನೆ. ಮಗ ಸಾಫ್ಟ್‌ವೇರ್ ಕೆಲಸದವನು. ಗುಂಯ್ ತಾಳಲಾರದೆ ಒಂದು ಲೀನಿಯರ್ ಪವರ್ ಸಪ್ಲೈ ತರಿಸಿದ್ದ. ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ, ಬೆಲೆ ಸ್ಟ್ರೀಮರಿಗಿಂತ ಎಷ್ಟೋ ಹೆಚ್ಚು. ಗುಂಯ್ ಕೂದಲೆಳೆಯಷ್ಟೂ ಕದಲಲಿಲ್ಲ. ಯಾರೋ ಗೆಳೆಯರು ಹೇಳಿದರೆಂದು ಆಂಪ್ಲಿಫೈಯರಿನ ಪ್ಲಗ್ಗಿನ ದಪ್ಪ ಪಿನ್ನನ್ನು ಇಕ್ಕಳದಿಂದ ಮುರಿದ. ಪವಾಡ! ಗುಂಯ್ ನಿಂತಿತು. ಹದಿನೈದು ದಿನ ಆನಂದ. ಅಷ್ಟರಲ್ಲಿ ಅವನ ತಾಯಿ ನೆಲ ಒರೆಸಿದ ಒದ್ದೆ ಕಾಲಲ್ಲೇ ಆಂಪ್ಲಿಫೈಯರ್ ಒರೆಸಲು ಹೋದಾಗ ಕೈ ಜುಮ್ ಎಂದಿತು. ನನಗೆ ಕರೆ ಬಂದದ್ದು ಆಗ.

ಬೆರಳಿನ ಹಿಂಬದಿಯನ್ನು ಪೆಟ್ಟಿಗೆಯ ಮೇಲೆ ಹಗುರವಾಗಿ ಸವರಿದೆ. ನುಣುಪಾದ ಲೋಹ ಬೆರಳಿಗೆ ಒರಟಾಗಿ, ಸಣ್ಣಗೆ ನಡುಗುವಂತೆ ಹತ್ತುತ್ತಿತ್ತು. ಸೋರುವ ಕರೆಂಟಿನ ಗುರುತು ಅದು. (ಇದನ್ನು ನೀವು ಮಾಡಿ ನೋಡಬೇಡಿ, ಮಲ್ಟಿಮೀಟರ್ ಇರುವುದು ಅದಕ್ಕೇ.) ಪಿನ್ನು ಮುರಿದ ಮೇಲೆ ಆ ಆಂಪ್ಲಿಫೈಯರಿಗೆ ಅರ್ಥ್ ಎಂದು ಉಳಿದದ್ದು ಯಾವುದು? ಟಿವಿಯ ಆಡಿಯೋ ವೈರಿನ ಮೂಲಕ, ಟಿವಿಯ ಹಿಂದಿನ ಕೇಬಲ್ಲಿನ ಮೂಲಕ, ಬೀದಿ ಕಂಬದಿಂದ ಇಳಿದು ಬಂದ ಕೇಬಲ್ ಟಿವಿಯ ತಂತಿಜಾಲರಿ. ಊರಿನ ಎಲ್ಲೆಲ್ಲಿಯ ಸೋರಿಕೆಯನ್ನೋ ಹೊತ್ತು ತರುವ ಆ ಜಾಲರಿಯೇ ಅವನ ನಡುಮನೆಯ ಪೆಟ್ಟಿಗೆಯ ಮೈಗೆ ಅಂಟಿಕೊಂಡಿತ್ತು. ಹೊಸ ಪ್ಲಗ್ ಹಾಕಿಸಿದೆ. ಗುಂಯ್ ವಾಪಸು ಬಂತು. ಟಿವಿಯ ಹಿಂದೆ ಕೈಹಾಕಿ ಕೇಬಲ್ಲಿನ ತಿರುಪು ಬಿಚ್ಚಿದೆ. ಮನೆ ನಿಶ್ಶಬ್ದವಾಯಿತು. ಪಾಪ, ಸ್ಟ್ರೀಮರ್ ಆ ಕಥೆಯಲ್ಲಿ ಎಲ್ಲೂ ಇರಲೇ ಇಲ್ಲ.

ಆದದ್ದು ಇಷ್ಟು. ಆಂಪ್ಲಿಫೈಯರಿಗೆ ಮನೆಯ ಅರ್ಥ್ ಒಂದು ಕಡೆ, ಕೇಬಲ್ ಜಾಲರಿಯ ಅರ್ಥ್ ಇನ್ನೊಂದು ಕಡೆ. ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಆಡಿಯೋ ವೈರಿನ ಹೊರಸುತ್ತಿನಲ್ಲಿ ಕರೆಂಟು ಹರಿಸುತ್ತದೆ. ಆ ಹೊರಸುತ್ತಿನ ರೆಸಿಸ್ಟೆನ್ಸ್ 0.05 ಓಮ್ ಎಂದಿಟ್ಟುಕೊಳ್ಳಿ. 20 ಮಿಲಿ ಆಂಪಿಯರ್ ಹರಿದರೆ ಅದರ ಮೇಲೆ 1 ಮಿಲಿವೋಲ್ಟ್ ನಿಲ್ಲುತ್ತದೆ. ಡ್ಯಾಕ್ ಪೂರ್ತಿ ದನಿಯಲ್ಲಿ ಕೊಡುವುದು ಸುಮಾರು 2 ವೋಲ್ಟ್. ಆದರೆ ಆಲಾಪದ ಮೆಲುದನಿಯಲ್ಲಿ ಅದೂ ಕೆಲವೇ ಮಿಲಿವೋಲ್ಟ್‌ಗೆ ಇಳಿದಿರುತ್ತದೆ. ಆಂಪ್ಲಿಫೈಯರ್ ಇದು ಹಾಡು, ಇದು ಗುಂಯ್ ಎಂದು ಭೇದ ಎಣಿಸದೆ ಎರಡನ್ನೂ ಹಿಗ್ಗಿಸುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ಎಷ್ಟು ದುಡ್ಡು ಸುರಿದು ಎಂಥ ಸಪ್ಲೈ ತಂದರೂ ಈ ಸುತ್ತು ತುಂಡಾಗುವುದಿಲ್ಲ. ಆ ಮನೆಯಲ್ಲಿ ಮಾಡಿದ ಪರಿಹಾರ ಸರಳ: ಟಿವಿಯಿಂದ ಆಪ್ಟಿಕಲ್ ವೈರು, ಅದರ ತುದಿಗೊಂದು ಪುಟ್ಟ ಪರಿವರ್ತಕ. ಬೆಳಕು ಹೋಗುವ ದಾರಿಯಲ್ಲಿ ಕರೆಂಟು ಹರಿಯುವುದಿಲ್ಲ.

ಹಾಗಾಗಿ ನನ್ನ ಮೊದಲ ವಿನಂತಿ, ಬೇಕಾದರೆ ಗದರಿಕೆ ಎಂದೇ ತಿಳಿಯಿರಿ: ಗುಂಯ್ ನಿಲ್ಲಿಸಲು ಅರ್ಥ್ ಪಿನ್ನನ್ನು ಮುರಿಯಬೇಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿಗೆ ಇಳಿಸುವ ಅಡಾಪ್ಟರೂ ಬೇಡ. ಆ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದು ಸುಮ್ಮನೆ ಅಲ್ಲ. ಕರೆಂಟು ಬರುವ ಮೊದಲೇ ಅರ್ಥ್ ಕೂಡಬೇಕು, ಕರೆಂಟು ಹೋದ ಮೇಲೆಯೇ ಬಿಡಬೇಕು. ಲೋಹದ ಪೆಟ್ಟಿಗೆಯ ಆಂಪ್ಲಿಫೈಯರಿನೊಳಗೆ ಫೇಸ್ ವೈರು ಒಂದು ದಿನ ಕಳಚಿ ಪೆಟ್ಟಿಗೆಗೆ ತಾಗಿದರೆ, ಅರ್ಥ್ ಇದ್ದಲ್ಲಿ ಫ್ಯೂಸ್ ಹೋಗುತ್ತದೆ, ಇಲ್ಲವೇ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟ್ ಪೆಟ್ಟಿಗೆಯ ಮೇಲೆ ಕಾದು ಕೂತಿರುತ್ತದೆ. ಅಲ್ಲಿಂದ ಆರ್‌ಸಿಎ ವೈರು ಹಿಡಿದು ಸ್ಟ್ರೀಮರಿಗೆ, ನಿಮ್ಮ ಕಿವಿಯ ಮೇಲಿನ ಹೆಡ್‌ಫೋನಿಗೆ.

ಹಾಗಾದರೆ ಗುಂಯ್ ಎಲ್ಲಿಂದ ಎಂದು ಪತ್ತೆ ಹಚ್ಚುವುದು ಹೇಗೆ? ಕಾಸು ಖರ್ಚಿಲ್ಲ. ಮೊದಲು ಹಾಡನ್ನು ನಿಲ್ಲಿಸಿ. ಹಾಡಿನೊಂದಿಗೆ ಗುಂಯ್ ಕೂಡ ನಿಂತರೆ ಅದು ಧ್ವನಿಮುದ್ರಣದಲ್ಲೇ ಇದೆ. ಹಳೆಯ ರೇಡಿಯೋ ಟೇಪುಗಳಲ್ಲೂ ಮನೆ ಬೈಠಕ್ಕುಗಳ ಕ್ಯಾಸೆಟ್ಟುಗಳಲ್ಲೂ ಇದು ಸಾಮಾನ್ಯ. ಅದನ್ನು ಅಟ್ಟಿಸಿಕೊಂಡು ಹೋಗಬೇಡಿ. ನಿಲ್ಲದಿದ್ದರೆ ಆಂಪ್ಲಿಫೈಯರ್ ಆಫ್ ಮಾಡಿ, ಅದಕ್ಕೆ ಬರುವ ಆಡಿಯೋ ವೈರುಗಳನ್ನೆಲ್ಲ ತೆಗೆದು ಮತ್ತೆ ಆನ್ ಮಾಡಿ. ಈಗಲೂ ಗುಂಯ್ ಇದ್ದರೆ ಆಂಪ್ಲಿಫೈಯರಿನ ಫಿಲ್ಟರ್ ಕೆಪಾಸಿಟರುಗಳು ವಯಸ್ಸಾಗಿ ಒಣಗಿರಬಹುದು. ಮೂವತ್ತು ವರ್ಷ ದಾಟಿದ ಪೆಟ್ಟಿಗೆಗಳಲ್ಲಿ ನನ್ನ ಮೊದಲ ಅನುಮಾನ ಅವುಗಳ ಮೇಲೆಯೇ. ನಿಶ್ಶಬ್ದವಾದರೆ, ಪ್ರತಿಸಲ ಆಫ್ ಮಾಡಿ, ಒಂದೊಂದೇ ವೈರು ಮರಳಿ ಸಿಕ್ಕಿಸುತ್ತ ಬನ್ನಿ. ಯಾವುದು ಸೇರಿದಾಗ ಗುಂಯ್ ಬಂತೋ ಕಳ್ಳ ಅಲ್ಲಿದ್ದಾನೆ.

ಸ್ಟ್ರೀಮರಿನ ವೈರು ಸೇರಿಸಿದಾಗಲೇ ಬಂತು ಅಂದುಕೊಳ್ಳೋಣ. ಆಗ ಅದರ ಅಡಾಪ್ಟರ್ ಬಿಚ್ಚಿ, ಮೊಬೈಲಿನ ಪವರ್ ಬ್ಯಾಂಕ್ ಹಚ್ಚಿ. ವೈ-ಫೈಯಲ್ಲಿ ನಡೆಸಿ, ಲ್ಯಾನ್ ವೈರನ್ನೂ ತೆಗೆದುಬಿಡಿ. ಈಗ ಸ್ಟ್ರೀಮರಿಗೂ ಗೋಡೆಯ ಕರೆಂಟಿಗೂ ನಂಟೇ ಇಲ್ಲ. ಗುಂಯ್ ಮಾಯವಾದರೆ ಸಪ್ಲೈ ಅಥವಾ ಲ್ಯಾನ್ ಕಡೆ ಕೈ ತೋರಿಸಬಹುದು. ಹಾಗೇ ಉಳಿದರೆ, ಲೀನಿಯರ್ ಸಪ್ಲೈಗೆಂದು ಎತ್ತಿಟ್ಟ ದುಡ್ಡನ್ನು ವಾಪಸು ಜೇಬಿಗೆ ಹಾಕಿಕೊಳ್ಳಿ. ಪವರ್ ಬ್ಯಾಂಕೇ ಅತ್ಯುತ್ತಮ ಸಪ್ಲೈ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಟರಿಯ 3.7 ವೋಲ್ಟನ್ನು 5ಕ್ಕೆ ಏರಿಸುವ ಸ್ವಿಚಿಂಗ್ ಸರ್ಕಿಟ್ಟು ಅದರೊಳಗೂ ಇದೆ. ರೋಗ ಪತ್ತೆಗೆ ಮಾತ್ರ ಅದು ಉಪಯೋಗ.

ಲ್ಯಾನ್ ವೈರಿನ ಬಗ್ಗೆ ಒಂದು ಮಾತು. ಈಥರ್‌ನೆಟ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವುದರಿಂದ ಸಾಮಾನ್ಯ ಲ್ಯಾನ್ ವೈರು ಗ್ರೌಂಡನ್ನು ಸಾಗಿಸುವುದಿಲ್ಲ. ಆದರೆ ಹೊರಗೆ ಲೋಹದ ಹೊದಿಕೆ ಇರುವ, ತುದಿಯ ಕನೆಕ್ಟರೂ ಲೋಹದ್ದಾಗಿರುವ ದುಬಾರಿ ವೈರು ರೂಟರಿನ ಗ್ರೌಂಡನ್ನು ನೇರ ತಂದು ಸ್ಟ್ರೀಮರಿಗೆ ಜೋಡಿಸುತ್ತದೆ. ಕಡಿಮೆ ಬೆಲೆಯದೇ ಇಲ್ಲಿ ಮೇಲು.

ಈಗ ಸಪ್ಲೈಗೆ ಬರೋಣ. ಪೈ 4ಕ್ಕೆ ತಯಾರಕರೇ ಕೊಡುವ ಸಪ್ಲೈ 5.1 ವೋಲ್ಟ್, 3 ಆಂಪಿಯರಿನದು. ಪೈ 5ಕ್ಕೆ 5 ಆಂಪಿಯರ್ ಕೊಡಬಲ್ಲದ್ದು ಬೇಕು. ಅದಿಲ್ಲದಿದ್ದರೆ ಬೋರ್ಡು ತನ್ನ ಯುಎಸ್‌ಬಿ ಕಿಂಡಿಗಳಿಗೆ ಕೊಡುವ ಕರೆಂಟನ್ನು ಒಟ್ಟು 600 ಮಿಲಿ ಆಂಪಿಯರಿಗೆ ಮಿತಿಗೊಳಿಸುತ್ತದೆ, ಹಾಡು ತುಂಬಿದ ಹಾರ್ಡ್ ಡಿಸ್ಕು ತಿರುಗಲು ಒದ್ದಾಡುತ್ತದೆ. ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗಿಳಿದರೆ ಪೈ ಎಚ್ಚರಿಸುತ್ತದೆ; ಪರದೆ ಜೋಡಿಸಿದ್ದರೆ ಮೂಲೆಯಲ್ಲಿ ಮಿಂಚಿನ ಚಿತ್ರ ಮೂಡುತ್ತದೆ. ಹಾಡು ತಡವರಿಸುವುದು, ಟಿಕ್ ಟಿಕ್ ಎನ್ನುವುದು, ಮೆಮೊರಿ ಕಾರ್ಡು ಪದೇಪದೇ ಕೆಡುವುದು, ಇವುಗಳ ಹಿಂದೆ ಈ ಬರಗಾಲ ಇರಬಹುದು.

ಮತ್ತೆ ಆ ಬರಗಾಲಕ್ಕೆ ಕಾರಣ ಎಷ್ಟೋ ಸಲ ಅಡಾಪ್ಟರ್ ಅಲ್ಲ, ವೈರು. ಲೆಕ್ಕ ಹಾಕಿ ನೋಡಿ. ಸಪೂರ ಚಾರ್ಜಿಂಗ್ ವೈರುಗಳೊಳಗೆ 28 ಗೇಜಿನ ತಾಮ್ರ ಇರುತ್ತದೆ. ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರುವ ದಾರಿ ಸೇರಿ 0.42. ಎರಡು ಆಂಪಿಯರ್ ಹರಿದರೆ 0.8 ವೋಲ್ಟಿಗೂ ಹೆಚ್ಚು ವೈರಿನಲ್ಲೇ ಸೋರಿಹೋಯಿತು. 5.1 ಹೊರಟದ್ದು 4.3 ಆಗಿ ತಲುಪಿತು. ಅದೇ ಉದ್ದದ 20 ಗೇಜಿನ ವೈರಿನಲ್ಲಿ ಕಳೆಯುವುದು 0.13 ವೋಲ್ಟ್ ಮಾತ್ರ. ಸಾವಿರಾರು ರೂಪಾಯಿಯ ಲೀನಿಯರ್ ಸಪ್ಲೈ ತಂದು ಅದಕ್ಕೆ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಫೋನಿನ ವೈರು ಸಿಕ್ಕಿಸಿದವರನ್ನು ನಾನು ಕಂಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಲೀನಿಯರ್ ಸಪ್ಲೈ ಬೇಡವೇ ಬೇಡ ಎನ್ನುವ ಹಟ ನನಗಿಲ್ಲ. ಅದರಲ್ಲಿ ಒಂದು ನಿಜವಾದ ಗುಣ ಇದೆ. ಸ್ವಿಚಿಂಗ್ ಅಡಾಪ್ಟರುಗಳಲ್ಲಿ ರೇಡಿಯೋ ತರಂಗದ ಗಲಾಟೆ ತಗ್ಗಿಸಲು, ಗೋಡೆಯ ಕರೆಂಟಿನ ಬದಿಗೂ 5 ವೋಲ್ಟಿನ ಬದಿಗೂ ನಡುವೆ ವೈ ಕೆಪಾಸಿಟರ್ ಎಂಬುದೊಂದನ್ನು ಹಾಕುತ್ತಾರೆ. ಅದು 2.2 ನ್ಯಾನೋಫ್ಯಾರಡ್ ಇದ್ದರೆ ನಮ್ಮ 230 ವೋಲ್ಟಿಗೆ ಸುಮಾರು 0.16 ಮಿಲಿ ಆಂಪಿಯರ್ ಸೋರುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಎರಡೇ ಪಿನ್ನಿನ ಅಡಾಪ್ಟರು, ಆಂಪ್ಲಿಫೈಯರೂ ಎರಡೇ ಪಿನ್ನಿನ ಇಟ್ಟಿಗೆಯಂಥ ಸಪ್ಲೈಯಿಂದ ನಡೆಯುವ ಪುಟ್ಟ ಕ್ಲಾಸ್-ಡಿ ಪೆಟ್ಟಿಗೆ ಆಗಿದ್ದರೆ, ಇಡೀ ವ್ಯವಸ್ಥೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಮುಟ್ಟಿದರೆ ಸಣ್ಣಗೆ ಜುಮ್, ಮುಟ್ಟಿದಾಗ ಸ್ಪೀಕರಿನ ಸಪ್ಪಳ ಬದಲಾಗುವುದು, ಇವು ಅದರ ಲಕ್ಷಣ. ಒಳ್ಳೆಯ ಟ್ರಾನ್ಸ್‌ಫಾರ್ಮರಿನ ಲೀನಿಯರ್ ಸಪ್ಲೈಯಲ್ಲಿ ಈ ಸೋರಿಕೆ ಬಹಳ ಕಡಿಮೆ. ಆದರೆ ಅದಕ್ಕಿಂತ ಅಗ್ಗದ ಮದ್ದೂ ಇದೆ: ತೇಲುವ ವ್ಯವಸ್ಥೆಯ ಗ್ರೌಂಡನ್ನು ಒಂದೇ ಒಂದು ಕಡೆ, ಸಾಮಾನ್ಯವಾಗಿ ಆಂಪ್ಲಿಫೈಯರಿನ ಬಳಿ, ಮನೆಯ ಅರ್ಥಿಗೆ ಜೋಡಿಸುವುದು. ಮನೆಯ ಅರ್ಥ್ ಸಾಚಾ ಎಂದು ಖಾತ್ರಿಯಾದ ಮೇಲೆ, ಅದೂ ತಿಳಿದವರ ಕೈಯಿಂದ.

ಲೀನಿಯರ್ ಕೊಂಡೇ ಕೊಳ್ಳುವವರು, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ತಾವೇ ಕಟ್ಟುವವರು ಇಷ್ಟನ್ನು ನೋಡಿಕೊಳ್ಳಿ. 7805 ಚಿಪ್ಪಿನಿಂದ ಪೈ 4 ನಡೆಸಲು ಹೊರಡಬೇಡಿ. ಅದರ ತಾಕತ್ತು ಒಂದು, ಒಂದೂವರೆ ಆಂಪಿಯರಿನದು. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ಡಯೋಡ್ ದಾಟಿದ ಮೇಲೆ 11 ವೋಲ್ಟಿನ ಆಸುಪಾಸು ನಿಲ್ಲುತ್ತದೆ. ಎರಡು ಆಂಪಿಯರಿಗೆ 12 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ, ಅದಕ್ಕೆ ತಕ್ಕ ಹೀಟ್‌ಸಿಂಕ್ ಬೇಕು. ಅದಕ್ಕಿಂತ ಮುಖ್ಯವಾದದ್ದು: ರೆಗ್ಯುಲೇಟರ್ ಶಾರ್ಟ್ ಆಗಿ ಸತ್ತರೆ ಆ 11 ವೋಲ್ಟೂ ನೇರ ಬೋರ್ಡಿಗೆ ಹೊಡೆಯುತ್ತದೆ, 5.25 ದಾಟಬಾರದ ಬೋರ್ಡು ಅಲ್ಲಿಗೆ ಮುಗಿಯಿತು. ಮಿತಿಮೀರಿದಾಗ ಫ್ಯೂಸ್ ಹಾರಿಸುವ ಕ್ರೋಬಾರ್ ಸರ್ಕಿಟ್ ಇದೆಯೇ ಎಂದು ಮಾರುವವರನ್ನು ಕೇಳಿ. ಲೋಹದ ಪೆಟ್ಟಿಗೆಗೆ ಮೂರು ಪಿನ್ನಿನ ಅರ್ಥ್ ತಿರುಪು ಹಾಕಿ ಬಿಗಿದಿದೆಯೇ ಎಂದು ಮುಚ್ಚಳ ತೆಗೆಸಿ ನೋಡಿ. ಸ್ವಿಚಿಂಗ್ ಅಡಾಪ್ಟರಾದರೆ ಬಿಐಎಸ್ ನೋಂದಣಿ ಗುರುತನ್ನೂ ಅದರೊಂದಿಗಿನ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನೂ ನೋಡಿ ಕೊಳ್ಳಿ. ಕಳಪೆ ಅಡಾಪ್ಟರಿನಲ್ಲಿ ಆ ವೈ ಕೆಪಾಸಿಟರಿನ ಜಾಗದಲ್ಲಿ ಮಾಮೂಲಿ ಕೆಪಾಸಿಟರ್ ಕೂತಿದ್ದು, ಅದು ಶಾರ್ಟ್ ಆದರೆ ಗೋಡೆಯ ಕರೆಂಟು ನಿಮ್ಮ ಕೈಗೇ ಬರುತ್ತದೆ.

ಇನ್ನು ಕಿವಿಗೆ ಎಷ್ಟು ವ್ಯತ್ಯಾಸ? ಡ್ಯಾಕ್ ಕಾರ್ಡುಗಳು ಸಾಮಾನ್ಯವಾಗಿ 5 ವೋಲ್ಟನ್ನು ತಮ್ಮ ಮೈಮೇಲಿನ ರೆಗ್ಯುಲೇಟರಿನಲ್ಲಿ ಮತ್ತೊಮ್ಮೆ ಶುದ್ಧ ಮಾಡಿ 3.3ಕ್ಕೆ ಇಳಿಸಿಕೊಳ್ಳುತ್ತವೆ. ಸ್ವಂತ ಸಪ್ಲೈ ಇರುವ ಯುಎಸ್‌ಬಿ ಡ್ಯಾಕ್ ನಿಮ್ಮದಾದರೆ ಸ್ಟ್ರೀಮರಿನ ಸಪ್ಲೈಯ ಪಾತ್ರ ಇನ್ನೂ ಕಿರಿದು. ಸರಿಯಾದ ಮೂಲ ಅಡಾಪ್ಟರ್, ದಪ್ಪ ವೈರು, ಸಾಚಾ ಅರ್ಥ್ ಮೂರೂ ಇದ್ದ ಮನೆಯಲ್ಲಿ ಲೀನಿಯರ್ ಹಾಕಿದ್ದು ತೆಗೆದದ್ದು ಕಣ್ಣುಮುಚ್ಚಿ ಕೂತ ನನಗೆ ಗೊತ್ತಾಗಲಿಲ್ಲ. ನಿಮ್ಮ ಕಿವಿ ನನ್ನದಕ್ಕಿಂತ ಎಳೆಯದು, ಒಪ್ಪುತ್ತೇನೆ. ಆದರೆ ನೀವೂ ಕಣ್ಣು ಮುಚ್ಚಿಯೇ ಪರೀಕ್ಷಿಸಿ, ವೈರು ಬದಲಿಸುವವರು ಬೇರೆಯವರಾಗಿರಲಿ.

ಸಾಚಾ ಅರ್ಥ್ ಎಂದೆ. ನಮ್ಮ ಊರುಗಳಲ್ಲಿ ನಿಜವಾದ ಸಮಸ್ಯೆ ಇರುವುದು ಅಲ್ಲಿ. ಸಾಕೆಟ್ಟಿಗೆ ಮೂರು ತೂತಿದ್ದ ಮಾತ್ರಕ್ಕೆ ಹಿಂದೆ ಮೂರು ವೈರಿದೆ ಎಂದಲ್ಲ. ಹಳೆಯ ಎರಡು ವೈರಿನ ಮನೆಗಳಲ್ಲಿ ದಪ್ಪ ತೂತು ಬರೀ ಬೊಂಬೆ. ಅದಕ್ಕಿಂತ ಕೆಟ್ಟದ್ದು, ಬೋರ್ಡಿನೊಳಗೇ ನ್ಯೂಟ್ರಲ್‌ನಿಂದ ಒಂದು ತುಂಡು ವೈರು ಎಳೆದು ಅರ್ಥ್ ತೂತಿಗೆ ಕಟ್ಟಿಬಿಡುವುದು. ಮೇಲ್ನೋಟಕ್ಕೆ ಎಲ್ಲ ಸರಿ ಕಾಣುತ್ತದೆ. ಎಲ್ಲಾದರೂ ನ್ಯೂಟ್ರಲ್ ಕಡಿದ ದಿನ ಮಾತ್ರ ಆ ಬೋರ್ಡಿಗೆ ಸಿಕ್ಕಿಸಿದ ಪ್ರತಿ ಲೋಹದ ಪೆಟ್ಟಿಗೆಯೂ ಫೇಸ್ ಆಗಿ ನಿಲ್ಲುತ್ತದೆ. ಟೆಸ್ಟರಿನಿಂದ ಇದು ಗೊತ್ತಾಗುವುದಿಲ್ಲ. ಅನುಭವಿ ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ ನಡುವೆ 100 ವಾಟಿನ ಬಲ್ಬಿನ ಹೋಲ್ಡರ್ ಹಿಡಿದು ನೋಡುತ್ತಾರೆ. ಮಂಕಾಗಿ ಹೊತ್ತಿದರೆ ಅರ್ಥ್ ದುರ್ಬಲ, ಹೊತ್ತದಿದ್ದರೆ ಇಲ್ಲವೇ ಇಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದ ಮನೆಯಲ್ಲಿ ಬಲ್ಬು ತಾಗಿಸಿದ ಕೂಡಲೇ ಅದು ಬೀಳಬೇಕು, ಬಿದ್ದರೆ ಸಂತೋಷಪಡಿ. ನ್ಯೂಟ್ರಲ್‌ನಿಂದ ಎಳೆದ ತುಂಡು ವೈರನ್ನು ಹಿಡಿಯಲು ಬಲ್ಬು ಹೊತ್ತಿದ್ದೊಂದೇ ಸಾಲದು: ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರ್ ಇಟ್ಟಾಗ, ಅದೇ ಬೋರ್ಡಿನಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತಿದ್ದರೂ ಮುಳ್ಳು ಸೊನ್ನೆಯಿಂದ ಅಲುಗದಿದ್ದರೆ ಬೋರ್ಡು ಬಿಚ್ಚಿಸಿ ನೋಡಿ. ಇದೆಲ್ಲ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ನೀವು ಪಕ್ಕದಲ್ಲಿ ನಿಂತು ಕೇಳಿ, ಕಲಿಯಿರಿ, ಕೈ ಹಾಕಬೇಡಿ.

ಅಂಗಳದ ಅರ್ಥ್ ಗುಂಡಿ ಎಲ್ಲಿದೆ ಎಂದೇ ಮರೆತ ಮನೆಗಳಿವೆ. ಇದ್ದಿಲು ಉಪ್ಪು ತುಂಬಿ ಜಿಐ ಪೈಪು ಹೂತ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡದು. ಅದಕ್ಕೆ ಆಗಾಗ ನಾಲ್ಕು ಕೊಡ ನೀರು ಹೊಯ್ಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಲು ಸಂಕೋಚಪಡಬೇಡಿ. ಫ್ರಿಜ್ಜು, ವಾಷಿಂಗ್ ಮಷಿನ್, ಗೀಸರ್ ಎಲ್ಲವೂ ಅದೇ ಅರ್ಥನ್ನು ನಂಬಿವೆ.

ಕರೆಂಟು ಹೋಗುವ ಊರಿನವರಿಗೆ ಇನ್ನೆರಡು ಮಾತು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನು ಗೊರಗುಡುವಂತೆಯೇ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೂ ಗೊರಗುಡುತ್ತದೆ. ಕರೆಂಟಿದ್ದಾಗ ಶಾಂತ, ಇನ್ವರ್ಟರಿಗೆ ಹೋದಾಗ ಸಪ್ಪಳ ಎಂದಾದರೆ ಬೇರೇನನ್ನೂ ಹುಡುಕಬೇಡಿ, ಮುಂದಿನ ಸಲ ಸೈನ್ ವೇವ್ ಇನ್ವರ್ಟರ್ ತನ್ನಿ. ಹಾಗೆಯೇ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದಾಗಲೇ ಪ್ಲಗ್ಗನ್ನೂ ಟಿವಿಯ ಕೇಬಲ್ಲನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಫೈಬರ್ ಇಂಟರ್‌ನೆಟ್ ಇದ್ದವರಿಗೆ ಆ ದಾರಿಯ ಭಯ ಕಡಿಮೆ, ಗಾಜಿನೆಳೆಯಲ್ಲಿ ಸಿಡಿಲು ಹರಿಯದು.

ನಾನು ಕೇಳಿಕೊಳ್ಳುವುದು ಇಷ್ಟೇ. ಮುರಿದ ಪಿನ್ನಿನ ಪ್ಲಗ್ ಮನೆಯಲ್ಲಿದ್ದರೆ ಇವತ್ತೇ ಬದಲಿಸಿ. ಆಂಪ್ಲಿಫೈಯರ್, ಸ್ಟ್ರೀಮರ್, ಡ್ಯಾಕ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಒಂದೇ ಸಾಕೆಟ್ಟಿಗೆ ತನ್ನಿ. ಈ ತಿಂಗಳು ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷೆ ಮಾಡಿಸಿ, ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಅಷ್ಟೂ ಆದ ಮೇಲೆ ದುಡ್ಡು ಉಳಿದು, ಮನಸ್ಸೂ ಕೇಳದಿದ್ದರೆ, ಧಾರಾಳವಾಗಿ ಲೀನಿಯರ್ ಸಪ್ಲೈ ಕೊಳ್ಳಿ. ನಾನು ಬೇಡ ಎನ್ನುವುದಿಲ್ಲ. ಮುಂದೆ ನನಗೆ ಫೋನ್ ಮಾಡುವವರು ಪವರ್ ಬ್ಯಾಂಕ್ ಹಚ್ಚಿ ನೋಡಿದ ಮೇಲೆಯೇ ಮಾಡಬೇಕಾಗಿ ವಿನಂತಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಲೆಕ್ಟ್ರಾನಿಕ್ಸ್ ಮೇಷ್ಟ್ರು
ಧಾರವಾಡ